ಬಿಳಿ ಕಾರಿನ ನಡುಕ

ಬ್ರೇಕ್ ಒತ್ತಿದೆ. ಸ್ಟೀರಿಂಗ್ ನನ್ನ ಎರಡೂ ಕೈಯಲ್ಲಿ ಗಡಗಡ ನಡುಗಿತು.

ಇಳಿಜಾರು ಮುಗಿದು ನಾಲ್ಕು ರಸ್ತೆ ಸೇರುವ ಜಾಗ. ಎದುರಿಗೆ ಕೆಂಪು ದೀಪ. ಪಾದದ ಕೆಳಗೆ ಪೆಡಲ್ ಡಬಡಬ ಬಡಿದುಕೊಳ್ಳುತ್ತಿತ್ತು. ಕಾರು ಬಿಳಿ ಗೆರೆ ದಾಟಿ, ಒಂದು ಮಾರು ಮುಂದೆ ಹೋಗಿ ನಿಂತಿತು. 

"ನಾನೇನೂ ಮಾಡಿಲ್ಲ ಮೇಡಂ!" ಎಂದೆ, ಹೋಂವರ್ಕ್ ಮರೆತ ಹುಡುಗನಂತೆ.

ಪಕ್ಕದ ಸೀಟಿನಲ್ಲಿದ್ದ ಮೇಡಂ ನನಗೆ ಕಾರು ಕಲಿಸುವವರು. ಅವರ ಮುಖ ಬಿಳಿಚಿಕೊಂಡಿತ್ತು. ಡ್ರೈವಿಂಗ್ ಶಾಲೆಯ ಕಾರಾದ್ದರಿಂದ ಅವರ ಕಾಲಡಿಯಲ್ಲೂ ಒಂದು ಬ್ರೇಕ್ ಪೆಡಲ್ ಇತ್ತು. ಅದನ್ನು ಅವರು ಬಲವಾಗಿ ಒತ್ತಿ ಹಿಡಿದಿದ್ದರು.

"ಮತ್ತೆ ಶುರುವಾಯ್ತು," ಎಂದರು. "ಮೂರನೇ ಸಲ. ಬ್ರೇಕಿಗೆ ಹೊಸ ಡಿಸ್ಕ್ ಹಾಕಿ ಆರು ತಿಂಗಳೂ ಆಗಿಲ್ಲ."

ನಾನು ಗಣಿತದ ಮೇಷ್ಟ್ರು. ಹೆಂಡತಿ ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ಉಪದೇಶ ಮಾಡಿದ ತಪ್ಪಿಗೆ, ನಲವತ್ತಾರನೇ ವಯಸ್ಸಿನಲ್ಲಿ ಈ ಶಾಲೆಗೆ ಸೇರಿದವನು. ಹನ್ನೊಂದು ಕ್ಲಾಸ್ ಆಗಿತ್ತು, ಎಲ್ಲವೂ ಮೇಡಂ ಜೊತೆಯೇ. ನನ್ನ ಕೈಯಲ್ಲಿ ಕಾರು ಮುಂದಕ್ಕೆ ಹೋಗುವುದೇ ಕಷ್ಟ. ಆಕ್ಸಿಲರೇಟರ್ ಒತ್ತಿದರೂ ಒಲ್ಲದ ಎಮ್ಮೆಯ ಹಾಗೆ ಎಳೆದುಕೊಂಡು ಹೋಗುತ್ತಿತ್ತು. "ಕಾಲಲ್ಲಿ ಧೈರ್ಯ ಬರ್ಬೇಕು ಮೇಷ್ಟ್ರೇ," ಎಂದು ಮೇಡಂ ನಗುತ್ತಿದ್ದರು. ಆವತ್ತು ಅವರಿಗೆ ನಗು ಬರಲಿಲ್ಲ.

ಶಾಲೆ ಒಂದು ಕುಟುಂಬದ್ದು. ಅಣ್ಣ ಯಜಮಾನ, ಬೂದು ಬಣ್ಣದ ಕಾರಿನಲ್ಲಿ ಕಲಿಸುತ್ತಾನೆ. ಅವನ ತಂಗಿ ಮೇಡಂ; ಬಿಳಿ ಕಾರು ಅವರದು. ಇಬ್ಬರಿಗೂ ಕಿರಿಯವನಾದ ತಮ್ಮ ಮೆಕ್ಯಾನಿಕ್; ಹಿಂದಿನ ಶೆಡ್ಡಿನಲ್ಲಿ ಎರಡೂ ಕಾರು ನೋಡಿಕೊಳ್ಳುತ್ತಾನೆ. ನಾವು ಕಾರನ್ನು ತೆವಳಿಸಿಕೊಂಡು ಅಂಗಳಕ್ಕೆ ತಂದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಅದೇನಾ?" ಎಂದು ತಂಗಿಯನ್ನು ಕೇಳಿದ.

ಮೇಡಂ ತಲೆಯಾಡಿಸಿದರು.

ಅಣ್ಣ ನೇರವಾಗಿ ಶೆಡ್ಡಿಗೆ ನಡೆದ. "ನನ್ನ ಕಾರಿಗೂ ನೀನೇ ಡಿಸ್ಕ್ ಹಾಕ್ತೀಯ. ನಾಲ್ಕು ವರ್ಷ ಆಯ್ತು, ಕೂದಲೂ ಕೊಂಕಿಲ್ಲ. ಅವಳ ಕಾರಲ್ಲಿ ಮಾತ್ರ ಯಾಕೆ ಹೀಗಾಗುತ್ತೆ? ಆ ಕಾರು ನಿನಗೆ ಕೊಡ್ಲಿಲ್ಲ ಅಂತ ಹೊಟ್ಟೆಕಿಚ್ಚಾ?"

ಮೆಕ್ಯಾನಿಕ್ ತಮ್ಮ, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತಾ ನಿಂತ. 

"ಬ್ರೇಕ್ ಜೊತೆ ಆಟ ಆಡ್ತೀಯೇನೋ? ಅವಳು ನಿನ್ನ ಅಕ್ಕ ಕಣೋ! ಸಾಯಂಕಾಲ ಆರು ಗಂಟೆ ಒಳಗೆ ಕಾರಣ ಹೇಳು. ಇಲ್ಲಾಂದ್ರೆ ಶೆಡ್ಡಿನ ಬೀಗದ ಕೈ ಇಟ್ಟು ಹೊರಡು. ಮತ್ತೆ ಈ ಅಂಗಳಕ್ಕೆ ಕಾಲಿಡ್ಬೇಡ."

 ಪರರ ಮನೆ ಜಗಳದಲ್ಲಿ ನಿಲ್ಲಬಾರದು ಎಂದು ಗೊತ್ತಿದ್ದರೂ ಬಾಯಿ ಸುಮ್ಮನಿರಲಿಲ್ಲ. "ನಮ್ಮ ಭಾವನ್ನ ಕರೀಲಾ?" ಎಂದುಬಿಟ್ಟೆ.

ಭಾವ, ಅಂದರೆ ನನ್ನ ಅಕ್ಕನ ಗಂಡ. ಮೂವತ್ತು ವರ್ಷ ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ವರದಿ ಬರೆದು ನಿವೃತ್ತನಾದವನು. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಯಾರ ಕೈವಾಡ ಎಂದು ವಿಚಾರಣೆ ನಡೆಸುವ ಆಸಾಮಿ. ಹನ್ನೊಂದು ಗಂಟೆಗೆ ಸ್ಕೂಟರಿನಲ್ಲಿ ಬಂದ. ಯಾರಿಗೂ ನಮಸ್ಕಾರ ಹೇಳದೆ, ನೆಲದ ಮೇಲೆ ಕೂತು ಚಕ್ರವನ್ನೇ ನೋಡತೊಡಗಿದ.

"ಜಾಕ್ ಹಾಕಪ್ಪ," ಎಂದ ತಮ್ಮನಿಗೆ.

ಕಾರು ಎದ್ದಿತು. ಭಾವ ಚಕ್ರವನ್ನು ಒಂದು ಬೆರಳಿನಿಂದ ತಳ್ಳಿದ. ಅದು ಸರಾಗವಾಗಿ ತಿರುಗಿತು.

"ಬ್ರೇಕ್ ಎಲ್ಲೂ ಹಿಡ್ಕೊಂಡಿಲ್ಲ. ಬ್ರೇಕ್ ಸಲೀಸಾಗಿ ಬಿಡೋಕೆ ಇರೋ ಪಿನ್ನುಗಳಿಗೆ ಗ್ರೀಸ್ ಹಾಕ್ತೀಯಾ?"

"ಪ್ರತಿ ಸಲ."

"ನಟ್ಟು ಬಿಗಿಮಾಡೋದು ಹೇಗೆ? ಗಾಳಿ ಗನ್ನಲ್ಲಿ ಟರ್ ಅಂತ ಹೊಡೆದುಬಿಡ್ತೀಯಾ?"

"ಇಲ್ಲ ಸಾರ್. ಬಿಗಿ ಅಳೆಯೋ ಟಾರ್ಕ್ ರೆಂಚಲ್ಲಿ. ಒಂದಾದ ಮೇಲೆ ಅದರ ಎದುರಿನದು. ಒಂದು ಜಾಸ್ತಿ ಒಂದು ಕಮ್ಮಿ ಬಿಗಿಯಾದ್ರೆ ಡಿಸ್ಕ್ ಸೊಟ್ಟ ಕೂರುತ್ತೆ."

ಭಾವ ತಾನೇ ರೆಂಚ್ ಹಿಡಿದು ಒಂದೊಂದನ್ನೂ ನೋಡಿದ. ಎಲ್ಲವೂ ಸಮ.

"ಹಳೇ ಡಿಸ್ಕ್ ತೆಗೆದಾಗ ಒಳಗಿನ ತುಕ್ಕು ಉಜ್ತೀಯಾ?"

"ಬ್ರಶ್ ಹಾಕಿ ಉಜ್ಜಿ, ಒರೆಸಿ, ಆಮೇಲೆ ಹೊಸದು."

"ಕಾರು ತೊಳೆಯೋದು ಯಾವಾಗ?"

"ಬೆಳಿಗ್ಗೆ, ಮೊದಲನೇ ಕ್ಲಾಸಿಗೆ ಮುಂಚೆ. ಕಾದ ಡಿಸ್ಕಿಗೆ ತಣ್ಣೀರು ಎರಚೋಕೆ ನಾನೇನು ದಡ್ಡನಾ?"

ಒಂದೊಂದಕ್ಕೂ ಚೊಕ್ಕ ಉತ್ತರ. ಆದರೆ ಭಾವ "ಹಾಗಾದ್ರೆ ಡಿಸ್ಕ್ ಯಾಕೆ ಹಾಳಾಗ್ತಿದೆ, ನಿನಗೇನನ್ನಿಸುತ್ತೆ?" ಎಂದಾಗ ಮಾತ್ರ ಅವನು ಕಣ್ಣು ತಪ್ಪಿಸಿದ.

"ಗೊತ್ತಿಲ್ಲ."

 ಈ ಹುಡುಗ ಏನೋ ಮುಚ್ಚಿಡುತ್ತಿದ್ದಾನೆ ಎನ್ನಿಸಿತು. ಅಣ್ಣನ ಅನುಮಾನವೇ ನಿಜವಾದರೆ? ಬೆಳಿಗ್ಗೆ ಆ ಕೆಂಪು ದೀಪದ ಹತ್ತಿರ ಎದುರಿಗೆ ಲಾರಿ ಬಂದಿದ್ದರೆ? 

ಭಾವ ಚಕ್ರ ಬಿಚ್ಚಿಸಿದ. ಉಕ್ಕಿನ ತಟ್ಟೆಯಂತಿದ್ದ ಡಿಸ್ಕಿನ ಮೇಲೆ ಅಲ್ಲಲ್ಲಿ ನೀಲಿ ಕಲೆಗಳಿದ್ದವು. ಅವನು ಅದರ ಮೇಲೆ ಉಗುರು ಎಳೆದು "ಹ್ಞೂಂ" ಎಂದ. ಆಮೇಲೆ ಅಣ್ಣನನ್ನು ಕರೆದ.

"ಕಲಿಯೋರು ಎರಡೂ ಕಾರಲ್ಲಿ ಓಡಿಸ್ತಾರಾ?"

"ಹೌದು. ಮೂರು ದಿನ ನನ್ನ ಹತ್ರ, ಮೂರು ದಿನ ತಂಗಿ ಹತ್ರ. ಮೇಷ್ಟ್ರು ಮಾತ್ರ ಇನ್ನೂ ತಂಗಿ ಹತ್ರಾನೇ."

"ಅದೇ ರಸ್ತೆ, ಅದೇ ಇಳಿಜಾರು?"

"ಎಲ್ಲಾ ಅದೇ."

"ಬಿಳಿ ಕಾರು ಯಾವತ್ತಿಂದ ಹೀಗೆ?"

ಅಣ್ಣ ಲೆಕ್ಕ ಹಾಕಿದ. "ಒಂದೂವರೆ ವರ್ಷ. ಅದಕ್ಕೆ ಮುಂಚೆ ಒಂದೇ ಜೊತೆ ಡಿಸ್ಕ್ ಐದು ವರ್ಷ ಬಂದಿತ್ತು."

"ಆಗ ಏನಾಗಿತ್ತು?"

 ಮೇಡಂ ಕಿಟಕಿಯ ಕಡೆ ತಿರುಗಿದರು. ಅಣ್ಣನೇ ದನಿ ತಗ್ಗಿಸಿ ಹೇಳಿದ. "ತಂಗಿ ಪಕ್ಕದಲ್ಲಿ ಕೂತಿದ್ದಾಗ್ಲೇ ಕಲಿಯೋನೊಬ್ಬ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿಬಿಟ್ಟ. ಸೈಕಲ್ ಮೇಲಿದ್ದ ಶಾಲೆ ಹುಡುಗಿಗೆ ತಾಗಿತು. ಕಾಲು ಮುರೀತು. ಈಗ ಚೆನ್ನಾಗಿದ್ದಾಳೆ, ಓಡಾಡ್ತಾಳೆ. ಆದ್ರೂ... ಇನ್ನೊಂದು ಸಲ ಹಾಗಾದ್ರೆ ಕಲಿಸೋದು ಬಿಡಿಸಿ ತಂಗಿನ ಆಫೀಸಿನ ಕುರ್ಚಿಗೆ ಕೂರಿಸ್ತೀನಿ ಅಂತ ಆವತ್ತೇ ಹೇಳಿದ್ದೆ."

ಭಾವ ಎರಡೂ ಕಾರಿನ ಒಳಗೆ ತಲೆ ಹಾಕಿ, ಪೆಡಲ್‌ಗಳ ಮೇಲೆ ಟಾರ್ಚ್ ಬಿಟ್ಟು ಸುಮಾರು ಹೊತ್ತು ನೋಡಿದ. ಹೊರಗೆ ಬಂದು, "ಚಕ್ರ ಹಾಕು. ಮೇಷ್ಟ್ರು ಮೇಡಂ ಜೊತೆ ಹಿಂದಿನ ಸಮತಟ್ಟು ರಸ್ತೇಲಿ ಒಂದು ಸುತ್ತು ಹೋಗಿಬರಲಿ. ನಿಧಾನಕ್ಕೆ. ನಾನು ಸ್ಕೂಟರಲ್ಲಿ ಹಿಂದೆ ಬರ್ತೀನಿ," ಎಂದ.

"ಈ ಕಾರಲ್ಲೇ?" ಎಂದೆ. 

ಹೋದೆವು. ಖಾಲಿ ರಸ್ತೆ, ಎರಡು ಕಡೆ ಗೋದಾಮುಗಳ ಗೋಡೆ. ಕಾರು ಎಂದಿನಂತೆ ಎಳೆದುಕೊಂಡೇ ಸಾಗಿತು. ಕನ್ನಡಿಯಲ್ಲಿ ಭಾವನ ಹೆಲ್ಮೆಟ್ಟು ಕಾಣುತ್ತಿತ್ತು.  ಮೇಡಂ ಎರಡು ಕೈಗಳನ್ನೂ ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡಿದ್ದರು.

ಐದೂವರೆಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದೆವು. ಬೀಗದ ಕೈಯನ್ನು ತಮ್ಮ ಆಗಲೇ ಮೇಜಿನ ಮೇಲೆ ಇಟ್ಟಿದ್ದ. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

"ನೀನು ಆ ಸುತ್ತಲ್ಲಿ ಎಷ್ಟು ಸಲ ಬ್ರೇಕ್ ಒತ್ತಿದೆ?" ಭಾವ ನನ್ನನ್ನು ಕೇಳಿದ.

"ಎರಡು ಸಲ. ತಿರುವಿನಲ್ಲಿ ಒಂದು, ಕೊನೇಲಿ ಒಂದು."

"ಸುಳ್ಳು."

"ಆಣೆ ಮಾಡಿ ಹೇಳ್ತೀನಿ ಭಾವ!"

"ಹಾಗಾದ್ರೆ ಹೊರಟಾಗಿಂದ ನಿಲ್ಲೋವರೆಗೂ ಕಾರಿನ ಹಿಂದೆ ಬ್ರೇಕ್ ಲೈಟ್ ಉರೀತಾನೇ ಇತ್ತಲ್ಲ, ಅದು ಯಾರು ಒತ್ತಿದ್ದು?"

 ಮೇಡಂ ನಿಧಾನವಾಗಿ ತಮ್ಮ ಕಾಲುಗಳ ಕಡೆ ನೋಡಿಕೊಂಡರು.

"ಕಾರು ಎಮ್ಮೆ ಥರ ಎಳೆಯುತ್ತೆ ಅಂತ ಇವನು ಮನೇಲಿ ಹನ್ನೊಂದು ದಿನದಿಂದ ಗೋಳಾಡ್ತಿದ್ದ. ಇವನಿಗೆ ಓಡಿಸೋಕೆ ಬರಲ್ಲ ಅಂದ್ಕೊಂಡು ನಾವೆಲ್ಲ ನಕ್ಕೆವು. ನಾನೂ ನಕ್ಕೆ. ತಪ್ಪು ನನ್ನದು. ಡಿಸ್ಕಿನ ಮೇಲಿನ ನೀಲಿ ಕಲೆ ಅತಿಯಾಗಿ ಕಾದದ್ದರ ಗುರುತು. ಒಮ್ಮೆ ಜೋರಾಗಿ ಒತ್ತಿ ಬಿಟ್ರೆ ಹಾಗಾಗಲ್ಲ. ಹಗುರವಾಗಿ, ಬಿಡದೆ, ಗಂಟೆಗಟ್ಟಲೆ ಒತ್ತಿಕೊಂಡಿದ್ರೆ ಆಗುತ್ತೆ. ಡಿಸ್ಕನ್ನ ಅಮುಕೋ ಪ್ಯಾಡಿನ ಪುಡಿ ಆ ತಟ್ಟೆಗೆ ಅಲ್ಲಲ್ಲಿ ಮೆತ್ತಿಕೊಂಡು, ಒಂದು ಕಡೆ ದಪ್ಪ ಒಂದು ಕಡೆ ತೆಳು. ಆಮೇಲೆ ಒತ್ತಿದಾಗೆಲ್ಲ ನಡುಕ. ಅಂಥ ಬ್ರೇಕು ಇಳಿಜಾರಲ್ಲಿ ಒಂದು ದಿನ ಹಿಡಿಯೋದೇ ಇಲ್ಲ." ಭಾವ ಕನ್ನಡಕ ತೆಗೆದ. "ಮೇಡಂ, ಡಿಸ್ಕ್ ತಿಂದಿದ್ದು ನಿಮ್ಮ ಕಾಲು."

"ನಾನು ಒತ್ತಲ್ಲ," ಎಂದರು ಮೇಡಂ. "ಅಪಾಯ ಕಂಡಾಗ ಮಾತ್ರ..." ಮಾತು ಅಲ್ಲೇ ನಿಂತಿತು. "ನನಗೆ ಗೊತ್ತೇ ಆಗಲ್ಲ."

"ಗೊತ್ತಾಗಲ್ಲ, ನಿಜ. ಆದ್ರೆ ಇಲ್ಲೊಬ್ಬರಿಗೆ ಗೊತ್ತಿತ್ತು." ಭಾವ ತಮ್ಮನ ಕಡೆ ತಿರುಗಿದ. "ಬಿಳಿ ಕಾರಲ್ಲಿ ಕಲಿಯೋರ ಪೆಡಲಿನ ರಬ್ಬರು ಹಳೇದು, ನೂರಾರು ಜನ ತುಳಿದದ್ದು. ಮೇಡಂ ಕಡೆಯ ಪೆಡಲಿಗೆ ಮಾತ್ರ ಹೊಚ್ಚಹೊಸ ರಬ್ಬರು. ಅಪರೂಪಕ್ಕೆ ಒತ್ತೋ ಪೆಡಲಿಗೆ ಹೊಸ ರಬ್ಬರು ಯಾಕಪ್ಪ? ಅಣ್ಣನ ಕಾರಲ್ಲಿ ಅದೇ ಜಾಗದ ರಬ್ಬರು ಏಳು ವರ್ಷದ್ದು, ಗೀರುಗಳು ಇನ್ನೂ ಚೂಪಾಗಿವೆ. ಎಷ್ಟು ಸಲ ಬದಲಾಯಿಸಿದೆ?"

"ಎರಡು ಸಲ," ಎಂದ ತಮ್ಮ. "ಸವೆದು ನುಣ್ಣಗಾಗಿತ್ತು. ಅಣ್ಣನ ಕಣ್ಣಿಗೆ ಬೀಳಬಾರದು ಅಂತ."

 ಮೇಡಂ ಎದ್ದು ತಮ್ಮನ ಎದುರಿಗೆ ಬಂದರು.

"ಗೊತ್ತಿದ್ದೂ ನನಗೆ ಯಾಕೋ ಹೇಳ್ಲಿಲ್ಲ? ಅಣ್ಣ ಅಷ್ಟು ಮಾತು ಅಂದಾಗ್ಲೂ ಸುಮ್ನೆ ನಿಂತಿದ್ದೆಯಲ್ಲೋ!"

"ಹೇಳಿದ್ರೆ ಕುರ್ಚಿಗೆ ಕೂರಿಸ್ತಿದ್ದ. ಆ ಹುಡುಗಿ ಆಸ್ಪತ್ರೇಲಿದ್ದಾಗ ನೀನು ಹದಿನೈದು ದಿನ ಊಟ ಸರಿಯಾಗಿ ಮಾಡ್ಲಿಲ್ಲ. ಮತ್ತೆ ಕಾರು ಹತ್ತಿದ ಮೇಲೆ ತಾನೇ ನೀನು ಮನುಷ್ಯಳಾಗಿದ್ದು? ನಾನು ಡಿಸ್ಕ್ ಬದಲಾಯಿಸ್ತಾ ಇರ್ತೀನಿ, ನೀನು ಕಲಿಸ್ತಾ ಇರು ಅಂದ್ಕೊಂಡೆ."

"ಅದು ಪ್ರೀತಿ ಅಲ್ಲಪ್ಪ, ಅಪಾಯ," ಎಂದು ಭಾವ ಗದರಿದ. "ಇವತ್ತು ಬೆಳಿಗ್ಗೆ ಗೆರೆ ದಾಟಿದ ಕಾರು ನಾಳೆ ಎಲ್ಲಿಗೆ ಹೋಗ್ತಿತ್ತೋ!"

ತಮ್ಮ ತಲೆ ತಗ್ಗಿಸಿದ. ಮೇಡಂ ಕಣ್ಣೊರೆಸಿಕೊಂಡು ಹೇಳಿದರು: "ನನ್ನ ಕಡೆಯ ಪೆಡಲ್ ಕಿತ್ತುಹಾಕು. ಇಲ್ಲಾ, ನಾನೇ ಕುರ್ಚಿಗೆ ಹೋಗ್ತೀನಿ."

"ಪೆಡಲ್ ಇರಲಿ," ಎಂದ ಅಣ್ಣ. ಅವನ ದನಿ ಮೆತ್ತಗಾಗಿತ್ತು. ಬೀಗದ ಕೈಯನ್ನು ಎತ್ತಿ ತಮ್ಮನ ಜೇಬಿಗೆ ತಾನೇ ಹಾಕಿದ. "ಕುರ್ಚಿ ಮಾತು ಆಡಬಾರದಿತ್ತು ನಾನು. ಆವತ್ತಿಂದ ಇಬ್ಬರನ್ನೂ ಹೆದರಿಸಿಟ್ಟೆ. ಮೇಷ್ಟ್ರೇ, ನಾಳೆಯಿಂದ ನೀವು ನನ್ನ ಕಾರಲ್ಲಿ ಬನ್ನಿ. ತಂಗಿ ಸ್ವಲ್ಪ ದಿನ ಸುಧಾರಿಸಿಕೊಳ್ಳಲಿ."

ನನ್ನಷ್ಟು ಪುಕ್ಕಲ ಆ ಊರಿನಲ್ಲೇ ಇರಲಿಲ್ಲ. "ಬೇಡ. ನಾನು ಮೇಡಂ ಜೊತೆನೇ ಕೂರ್ತೀನಿ," ಎಂದ ಮಾತು ನನ್ನ ಬಾಯಿಂದಲೇ ಬಂತೆಂದು ನನಗೆ ಈಗಲೂ ನಂಬಿಕೆಯಿಲ್ಲ.

ಮರುದಿನ ಮಧ್ಯಾಹ್ನ ಹೊಸ ಡಿಸ್ಕು, ಹೊಸ ಪ್ಯಾಡು ತಮ್ಮನೇ ಹಾಕಿಕೊಟ್ಟ. ಹೊಸ ಪ್ಯಾಡನ್ನು ಪಳಗಿಸಬೇಕಂತೆ. ಹದವಾದ ವೇಗಕ್ಕೆ ಏರಿಸಿ, ಪೂರ್ತಿ ನಿಲ್ಲಿಸದೆ ಮೆತ್ತಗೆ ಇಳಿಸಬೇಕು. ನಡುವೆ ಗಾಳಿಗೆ ತಣಿಯಲು ಬಿಡಬೇಕು. ಹಾಗೆ ಇಪ್ಪತ್ತು ಸಲ. "ಆ ಹೊತ್ತಲ್ಲಿ ಒತ್ತೋದು ಒಂದೇ ಕಾಲು ಆಗಿರ್ಬೇಕು ಅಕ್ಕ," ಎಂದ. ಮೇಡಂ ಎರಡು ಚಪ್ಪಲಿಗಳನ್ನೂ ಶೆಡ್ಡಿನಲ್ಲೇ ಬಿಟ್ಟು, ಬರಿಗಾಲನ್ನು ಸೀಟಿನ ಮೇಲೆ ಮಡಚಿ ಕೂತರು.

ಗೋದಾಮುಗಳ ರಸ್ತೆಯಲ್ಲಿ ಕಾರು ಬಾಣದಂತೆ ಚಿಮ್ಮಿತು. ನಾನು ಹೆದರಿ ಕಾಲು ತೆಗೆದೆ. ಒಂದು, ಎರಡು, ಹತ್ತು. ಹನ್ನೆರಡನೇ ಸಲ ಗೋಡೆ ಸಂದಿಯಿಂದ ಒಂದು ನಾಯಿ ರಸ್ತೆಗೆ ಬಂತು. ಮೇಡಂ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಅವರ ಒಂದು ಕಾಲು ಸೀಟಿನಿಂದ ಕೆಳಗಿಳಿಯಿತು. ಅರ್ಧ ದಾರಿಯಲ್ಲಿ ಅದನ್ನು ಅವರು ಎರಡೂ ಕೈಯಿಂದ ಹಿಡಿದುಕೊಂಡರು.

ನಾನು ಬ್ರೇಕ್ ಒತ್ತಿದೆ. ಕಾರು ನಿಂತಿತು. ನಾಯಿ ನಮ್ಮನ್ನು ನೋಡಿ, ತನಗೇನೂ ಸಂಬಂಧವಿಲ್ಲದಂತೆ ಆಚೆ ಹೋಯಿತು.

ಮೇಡಂ ತುಂಬಾ ಹೊತ್ತು ಅಳುತ್ತಾ ಕೂತರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಮೇಷ್ಟ್ರೇ, ಇವತ್ತು ನೀವೇ ನಿಲ್ಲಿಸಿದ್ರಿ."