ಆಸ್ಪತ್ರೆ ಗೇಟಿನ ಮುಂದೆ ಬಿಟ್ಟ ಕಾರು

“ನಮ್ಮಪ್ಪ ಸಾಯೋ ಹೊತ್ತಲ್ಲಿ ಕಾರು ಎತ್ತಿಸಿದ್ದು ನೀವೇನಾ?”

ಸಂಚಾರ ದಂಡದ ಮೇಲ್ಮನವಿ ಕಚೇರಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಪೇದೆ ತಲೆ ತಗ್ಗಿಸಿದ.

“ದಂಡದ ಚೀಟಿ ಬರೆದದ್ದು ನಾನೇ ಮೇಡಂ.”



ಅವಳು ಬಟ್ಟೆ ಹೊಲಿಯುವವಳು. ಮನೆಯಲ್ಲಿ ಅವಳು, ಅಪ್ಪ, ಇಬ್ಬರೇ. ಅಂದು ಎದೆ ಹಿಡಿದುಕೊಂಡ ಅಪ್ಪನನ್ನು ಆಸ್ಪತ್ರೆಗೆ ತಂದು, ಕಾರನ್ನು ಗೇಟಿನ ಮುಂದೆಯೇ ಬಿಟ್ಟು ಒಳಗೆ ಓಡಿದ್ದಳು.

“ದೊಡ್ಡಾಸ್ಪತ್ರೆಗೆ ಈಗಲೇ ಕರ್ಕೊಂಡು ಹೋಗಿ. ಆಂಬುಲೆನ್ಸ್ ಬರೋಕೆ ತಡ ಆಗುತ್ತೆ” ಎಂದರು ಡಾಕ್ಟರ್.

ಹೊರಗೆ ಬಂದರೆ ಕಾರೇ ಇಲ್ಲ! ಪೊಲೀಸರ ಲಾರಿ ಎಳೆದುಕೊಂಡು ಹೋಗಿತ್ತು. ಬೇರೆ ಗಾಡಿ ಸಿಗುವಷ್ಟರಲ್ಲಿ ಅಪ್ಪ ಸ್ಟ್ರೆಚರ್ ಮೇಲೆಯೇ ಕಣ್ಣು ಮುಚ್ಚಿದರು.

ವಾರದ ಮೇಲೆ ದಂಡದ ನೋಟಿಸ್ ಬಂತು. ಗಾಯಕ್ಕೆ ಉಪ್ಪು ಸವರಿದ ಹಾಗೆ.

“ದಂಡ ಕಟ್ಟಿ ಕೈ ತೊಳ್ಕೋಬಾರ್ದಾ?” ಎಂದಳು ಊರಿಂದ ಬಂದಿದ್ದ ಚಿಕ್ಕಮ್ಮ.

“ಕಟ್ಟಿದ್ರೆ ತಪ್ಪು ನಂದೇ ಅಂತ ಒಪ್ಪಿದ ಹಾಗಲ್ವಾ ಚಿಕ್ಕಮ್ಮ?”

ಅವಳು ಮೇಲ್ಮನವಿ ಹಾಕಿದಳು. ಪೇದೆ ಎದುರಾದ ಆ ಮೊದಲ ದಿನ ವಿಚಾರಣೆ ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು.

“ಗಾಡಿ ಎತ್ತೋಕೆ ಐದು ನಿಮಿಷ, ಇಳಿಸೋಕೆ ಐದು ತಿಂಗಳು ಮೇಡಂ” ಎಂದು ಗುಮಾಸ್ತ ನಕ್ಕ. ಅವಳು ನಗಲಿಲ್ಲ.

ಯಾರೂ ಕರೆಯದಿದ್ದರೂ ಪೇದೆ ವಿಚಾರಣೆಯ ಪ್ರತಿ ತಾರೀಖಿಗೂ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ‘ನಾನು ಸೋಲೋದನ್ನ ಕಣ್ಣಾರೆ ನೋಡ್ಬೇಕೇನೋ!’ ಎಂದು ಅವಳು ಹಲ್ಲು ಕಚ್ಚುತ್ತಿದ್ದಳು.

ಒಮ್ಮೆ ಅಪ್ಪನ ಮರಣ ಪ್ರಮಾಣಪತ್ರ ತೋರಿಸಿ ಹೊರಬಂದವಳು ಗೋಡೆಗೆ ಒರಗಿ ನಿಂತಳು. ಅವನು ನೀರಿನ ಬಾಟಲಿ ಚಾಚಿದ. ಅವಳು ಕೈ ಬೀಸಿ ತಳ್ಳಿದಳು. ನೆಲವೆಲ್ಲ ನೀರು... ಅವಳು ಜಾರಿ ಬೀಳಬಾರದೆಂದು ಅವನು ಮಂಡಿಯೂರಿ, ಕರವಸ್ತ್ರದಿಂದ ಸುಮ್ಮನೆ ಒರೆಸಿದ.

ಆ ಬಗ್ಗಿದ ಬೆನ್ನು ಅವಳ ಕಣ್ಣಿಂದ ಮರೆಯಾಗಲೇ ಇಲ್ಲ.

ನಾಲ್ಕನೆಯ ವಿಚಾರಣೆಯ ದಿನ ಅವನು ತಾನಾಗಿ ಎದ್ದು ಅಧಿಕಾರಿಯ ಮುಂದೆ ನಿಂತ.

“ಸಾರ್, ಚೀಟಿ ಬರೆದ ಮೇಲೆ ನೋಡಿದೆ. ಕಾರಿನ ಬಾಗಿಲು ತೆರೆದೇ ಇತ್ತು, ಸೀಟಿನ ಮೇಲೆ ಮಾತ್ರೆ ಚೆಲ್ಲಿತ್ತು. ಬಿಟ್ಟುಬಿಡೋಣ ಅಂತ ನಮ್ಮ ಸಾಹೇಬ್ರಿಗೆ ಫೋನ್ ಮಾಡಿದೆ. ಎತ್ತಿಸು ಅಂದ್ರು. ಲಾರಿಗೆ ಅಡ್ಡ ನಿಲ್ಲಬಹುದಿತ್ತು... ಕೆಲಸ ಹೋದೀತು ಅಂತ ನಿಲ್ಲಲಿಲ್ಲ.”

ದಂಡ ರದ್ದಾಯಿತು. ಗೆದ್ದರೇನು, ಅಪ್ಪ ಬರಲಿಲ್ಲ. ಮೇಲಿನವರ ಹೆಸರೆತ್ತಿದ್ದಕ್ಕೆ ಅವನ ಕೆಲಸವೂ ಉಳಿಯಲಿಲ್ಲ.

ಎರಡು ವಾರ ಅವಳು ಮನಸ್ಸನ್ನು ತಡೆದಳು. ಆಮೇಲೆ ಗುಮಾಸ್ತನಿಂದ ವಿಳಾಸ ಕೇಳಿ ಹೊರಟೇಬಿಟ್ಟಳು. ಅವನು ಅಕ್ಕನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ಅವಳನ್ನು ಕಂಡದ್ದೇ ಗಾಬರಿಯಿಂದ ಎದ್ದ.

“ನಿಮ್ಮನ್ನ ದ್ವೇಷಿಸೋಕೆ ಎಷ್ಟು ಒದ್ದಾಡಿದೆ ಗೊತ್ತಾ?” ಎಂದಳು ಅವಳು. “ಆದ್ರೂ ಪ್ರತಿ ತಾರೀಖಿಗೂ ಮೊದಲು ನೋಡ್ತಿದ್ದದ್ದು, ನೀವು ಬಂದಿದ್ದೀರಾ ಅಂತಾನೇ...”

“ನಂಗೂ ನಿಮ್ಮನ್ನ ನೋಡದೆ ಇರೋಕೆ ಆಗ್ತಿರ್ಲಿಲ್ಲ. ಆದ್ರೆ ಅದನ್ನ ಹೇಳೋ ಯೋಗ್ಯತೆ ನಂಗಿಲ್ಲ ಮೇಡಂ.”

“ಯೋಗ್ಯತೆ ಕೇಳೋಕೆ ಬಂದಿಲ್ಲ. ಅಪ್ಪನ ಕೋಣೆ ಬಾಗಿಲು ಇನ್ನೂ ತೆಗೆದಿಲ್ಲ. ಒಬ್ಬಳಿಗೇ ಆಗ್ತಿಲ್ಲ. ಜೊತೆಗೆ ಬರ್ತೀರಾ?”

ಅವನು ಮಸಿ ಮೆತ್ತಿದ ಕೈಗಳನ್ನು ಒರೆಸಿಕೊಂಡ.

“ಬರ್ತೀನಿ.”

“ಆಗಾಗ ನಿಮ್ಮ ಮೇಲೆ ತುಂಬ ಕೋಪ ಬರುತ್ತೆ... ಜೀವನಪೂರ್ತಿ ಬರಬಹುದು.”

“ಬರಲಿ. ನಾನಂತೂ ಎದ್ದು ಹೋಗಲ್ಲ.”