ಮಹಾದೇವ ಮಾಸ್ತರರ ಮಡಕೆ

ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಸುರಿದಾಗ ಆತ್ಮಾರಾಮರ ಎದೆ ಧಸಕ್ಕೆಂದಿತು. ಬರೀ ಕಡಲೆ! ಹುಡುಕಿದರೂ ಒಂದು ತೊಗರಿಕಾಳಿಲ್ಲ!

ನಿಜಾಮ ಸರ್ಕಾರದ ಶಾಲಾ ಇನ್‌ಸ್ಪೆಕ್ಟರರಾದ ಅವರು ತಾಂಡೂರಿನ ಈ ಹೈಸ್ಕೂಲಿಗೆ ಬಂದದ್ದು ಹೆಡ್‌ಮಾಸ್ತರ ಬಸವರಾಜನ ದೂರಿನ ಮೇಲೆ. ಮಹಾದೇವ ಮಾಸ್ತರ ಉರ್ದುವಿನಲ್ಲೇ ನಡೆಯಬೇಕಾದ ಪಾಠವನ್ನು ಕನ್ನಡ, ತೆಲುಗಿನಲ್ಲಿ ಬಿಡಿಸಿ ಹೇಳುತ್ತಾನೆ, ಅವನನ್ನು ಕೆಲಸದಿಂದ ತೆಗೆಯಿರಿ — ಇಷ್ಟೇ ದೂರು. ಆತ್ಮಾರಾಮರು ಹಟವಾದಿ. ಪಾಠ ಕೇಳುವವರನ್ನು ಕೇಳದೆ ತೀರ್ಪು ಕೊಡೆನೆಂದರು. ಮಾಸ್ತರ ಬೇಕಾದರೆ ತೊಗರಿ, ಬೇಡವಾದರೆ ಕಡಲೆ. ಮನೆಯಿಂದ ಒಂದೊಂದು ಕಾಳು ತಂದು, ಮುಷ್ಟಿ ಮುಚ್ಚಿ ಮಡಕೆಗೆ ಹಾಕಿ ಎಂದು ಹುಡುಗರಿಗೆ ಹೇಳಿದರು. ನಿನ್ನೆ ಸಂಜೆ ಹುಡುಗರು ಹಾಗೇ ಮಾಡಿದ್ದರು. ಮಡಕೆಯನ್ನು ಆಫೀಸಿನ ಕೋಣೆಯಲ್ಲಿಟ್ಟು ಕೀಲಿ ಹಾಕಲಾಗಿತ್ತು.

"ನಾ ಹೇಳಿದ್ದಿಲ್ರಿ?" ಎಂದ ಬಸವರಾಜ. "ಹುಡುಗೂರ ಕೈಯಾಗ ಮಾಸ್ತರನ ಜುಟ್ಟು ಕೊಟ್ರ ಹಿಂಗೇ ಆಗ್ತದ!"

ಮಹಾದೇವನ ಮುಖ ಸುಣ್ಣದಂತಾಗಿತ್ತು. ಕೆಲಸ ಹೋದರೆ ಹೋಗಲಿ, ಹುಡುಗರಿಗೇ ತಾನು ಬೇಡವಾದೆನೆ? ಅವನನ್ನು ನೋಡಿ ಆತ್ಮಾರಾಮರಿಗೆ ಸಂಕಟವಾಯಿತು. ಆದರೆ — ಒಬ್ಬನೂ ಬೇಕೆನ್ನಲಿಲ್ಲವೆ? ಅವರು ಒಂದು ಹಿಡಿ ಕಡಲೆ ತೆಗೆದು ತಿಕ್ಕಿ, ಮೂಸಿ ನೋಡಿದರು.

"ಕೀಲಿ ಯಾರ ಹತ್ರ ಇತ್ತು?"

"ಗೂಟಕ್ಕ ಇತ್ತರಿ," ಎಂದ ಜವಾನ ಕಿಷ್ಟಪ್ಪ. "ಅದು ಗೊತ್ತಿದ್ದವ್ರು ಮೂರೇ ಮಂದಿ. ನಾನು, ಹೆಡ್‌ಮಾಸ್ತರ್ರು, ತುಳಜಪ್ಪ ಮಾಸ್ತರ್ರು."

"ನಿಮ್ಮನ್ಯಾಗ ಕಡ್ಲಿ ಹೆಂಗ ಇಡ್ತೀರಿ?"

"ಹೊಲದಾಗ ಬೆಳದದ್ದು, ಬೂದಿ ಕಲಸಿ ಇಡ್ತೀವ್ರಿ. ಪೆದ್ದೆಮುಲ್ ಕಡಿ ಒಕ್ಕಲುತನದ ಮಂದಿ ಎಲ್ಲಾ ಹಂಗೇ. ಈ ಹುಡುಗೂರ ಮನ್ಯಾಗೂ ಅದೇ."

"ಬಸವರಾಜ, ನೀವು?"

"ನಂದು ಖಾನಾವಳಿ ಊಟ. ಕಾಳೂ ಇಲ್ಲ, ಒಲಿನೂ ಇಲ್ಲ."

"ತುಳಜಪ್ಪ?" ಗೋಡೆಗೆ ಒರಗಿ ನಿಂತಿದ್ದ ಆ ಮಾಸ್ತರನ ಕಡೆ ಆತ್ಮಾರಾಮರು ತಿರುಗಿದರು.

"ವರ್ಷದ್ದು ಪೇಟ್ಯಾಗ ತರ್ತೀವ್ರಿ. ಆಮ್ಯಾಲ ಮನ್ಯಾಗ ಎಣ್ಣಿ..." ಅವನ ಕಣ್ಣು ಮೇಜಿನ ಮೇಲಿನ ಕಡಲೆಯತ್ತ ಹೊರಳಿತು.

"ಹೇಳ್ರಿ, ಔಡಲೆಣ್ಣಿ, ಅದೇ ಹರಳೆಣ್ಣಿ!" ಆತ್ಮಾರಾಮರು ಅಂಗೈ ಚಾಚಿದರು. "ಹತ್ತಾರು ಮನಿ ಕಡ್ಲಿ ಆಗಿದ್ರ ದಪ್ಪ, ಸಣ್ಣ ಇರ್ಬೇಕಿತ್ತು, ಬೂದಿ ಹತ್ತಿರ್ಬೇಕಿತ್ತು. ಇವು ಎಲ್ಲಾ ಒಂದೇ ತಾಯಿ ಮಕ್ಕಳು, ಮ್ಯಾಲ ಜಿಡ್ಡು. ಕೊಂಡ ಕಾಳಿಗೆ ಹುಳ ಬೀಳಬಾರದಂತ ಹಿಂಗ ಎಣ್ಣಿ ಹಚ್ಚೋರು ನಾವು, ಪಗಾರದ ಮಂದಿ. ನನ್ನ ಹೇಣ್ತಿನೂ ಹಚ್ಚತಾಳ. ಮಡಕ್ಯಾಗಿನ ಕಾಳು ಬದಲಿ ಮಾಡಿದವ ನೀನೇ, ತುಳಜಪ್ಪ!"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತುಳಜಪ್ಪ ಮುಂದೆ ಬಂದು ಕೈ ಮುಗಿದ.

"ಇವತ್ತ ಅವನ ಮಡಕಿ ಇಟ್ರಿ. ನಾಳೆ ನಂದು ಇಡ್ತಿದ್ರಿ... ಹುಡುಗೂರಿಗೆ ಏನ್ ತಿಳೀತದ ಸಾಹೇಬ್ರ?"

"ಏನೂ ತಿಳೀದವ್ರಿಗೆ ಇಷ್ಟ್ಯಾಕ ಅಂಜಿದಿ? ಹುಡುಗೂರ ಕಾಳು ಏನ್ ಮಾಡಿದಿ?"

"ದನಕ್ಕ ಹಾಕೀನ್ರಿ." ಅವನು ತಲೆ ತಗ್ಗಿಸಿದ. "ಎರಡು ಕಡ್ಲಿ ಬಿಟ್ರ... ಎಲ್ಲಾ ತೊಗರಿನೇ ಇತ್ತು."

ಮಹಾದೇವ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ತರಗತಿಯ ಕಡೆ ಹೊರಟವನು ಬಾಗಿಲಲ್ಲಿ ನಿಂತ.

"ಸಾಹೇಬ್ರ, ಆ ಎರಡು ಕಡ್ಲಿ ಯಾಕ ಬಿದ್ದಾವ? ನಾ ಎಲ್ಲಿ ತಪ್ಪೀನಿ ಅಂತ ಹುಡುಗೂರನ್ನ ಕೇಳಬೇಕ್ರಿ."