ಇರುವೆ ಮುತ್ತಿದ ಹೊಗೆಡಬ್ಬಿ

ಹೋಳಿ ಹುಣ್ಣಿಮೆಯ ಮರುದಿನ ಆಶಾಬಿ ಅಳುತ್ತ ಬಂದಾಗ ಮಡಿವಾಳಯ್ಯನವರೂ ನಾನೂ ಚಹಾ ಕುಡಿಯುತ್ತಿದ್ದೆವು. ನಿಜಾಮರ ಕಾಲದ ಪೊಲೀಸ್ ಅಮೀನರಾದ ಅವರು ನಿವೃತ್ತರಾಗಿ ನಮ್ಮ ಶಹಾಬಾದಿನಲ್ಲಿ ನೆಲೆಸಿದ್ದರು. ನಾನು ದವಾಖಾನೆಯ ಕಂಪೌಂಡರ್. ಊರವರ ಬಾಯಲ್ಲಿ ಅವರ ಬಾಲ.

“ಯಪ್ಪಾ, ನನ್ನ ಗಂಡಗ ಠಾಣೇದಾಗ ಹಾಕ್ಯಾರರಿ! ಹೊಗಿಬಾಂಬ್ ಇಟ್ಟು ಬೋರಮಾಳ ಕದ್ದಾನ ಅಂತಾರ. ನಾಳಿ ಗುಲಬರ್ಗಾ ಜೇಲಿಗಿ ಒಯ್ತಾರಂತ.”

ಅವಳ ಗಂಡ ಹಾಜಿಮಲಂಗ್ ಮದುವೆಗಳಿಗೆ ಪಟಾಕಿ ಮಾಡುವವನು. ಹಿಂದಿನ ದಿನ ಕಲ್ಲುಗಣಿಯ ರೇವಣಪ್ಪನ ಮಗಳ ನಿಶ್ಚಯವಿತ್ತು. ಹುಡುಗಿಗೆ ಮಾಡಿಸಿದ ಬಂಗಾರದ ಬೋರಮಾಳ ಸರವನ್ನು ತಿಕ್ಕಿ ನೋಡಲೆಂದು ಕುಂಚಾವರಂನ ಬೀಗರು ಒರೆಗಲ್ಲು ತೆಗೆದರು. ಅಷ್ಟರಲ್ಲಿ ಮೂಲೆಯ ಡಬ್ಬಿಯೊಂದು ಬಿಳಿ ಹೊಗೆ ಉಗುಳಿತು. ಹೊಗೆ ಕರಗಿದಾಗ ಸರವೂ ಇರಲಿಲ್ಲ. ಊರಲ್ಲಿ ಸಿಡಿಮದ್ದು ಅರೆಯುವವನು ಒಬ್ಬನೇ ಎಂದು ಈಗಿನ ಅಮೀನ ಶೌಕತ ಅಲಿ ಹಾಜಿಮಲಂಗನ ಕೊರಳಪಟ್ಟಿ ಹಿಡಿದ. ಅಮೀನನಾದರೇನು, ಕಣ್ಣಿದ್ದೂ ಕುರುಡ!

ನಾವಿಬ್ಬರೂ ರೇವಣಪ್ಪನ ಮನೆಗೆ ಹೋದಾಗ ಅವನ ಹೆಂಡತಿ ಗುರುಲಿಂಗಮ್ಮ ಚಹಾ ತಂದಳು. ಸರ ಮಾಡಿದ, ನಿಶ್ಚಯಕ್ಕೂ ಬಂದಿದ್ದ ಅಕ್ಕಸಾಲಿಗ ಅಂಬಾರಾಯ ಮನೆಯವರಿಗೆ ಸಮಾಧಾನ ಹೇಳುತ್ತ ಕುಳಿತಿದ್ದ.

“ನನಗ ಸಕ್ಕರಿ ಹಾಕಬ್ಯಾಡವ್ವ, ಬ್ಯಾನಿ ಅದ,” ಎಂದ. ನಿಜವೇ, ಅವನಿಗೆ ಸಕ್ಕರೆ ಕಾಯಿಲೆಯ ಔಷಧ ಕೊಡುವವನು ನಾನೇ.

“ಡಬ್ಬಿ ಢಂ ಅಂತೇನು?” ಮಡಿವಾಳಯ್ಯನವರು ಕೇಳಿದರು.

“ಇಲ್ಲರಿ, ಬರೇ ಸುಸ್ಸ್ ಅಂತು,” ಎಂದಳು ಗುರುಲಿಂಗಮ್ಮ.

“ಗಂಧಕದ ವಾಸನಿ?”

“ಇಲ್ಲರಿ. ಪಾಕ ಸೀದಂಗ ಬಂತು.”

ಮೂಲೆಯಲ್ಲಿ ಬಿದ್ದಿದ್ದ ಡಬ್ಬಿಗೆ ಇರುವೆ ಮುತ್ತಿದ್ದವು. ಮಡಿವಾಳಯ್ಯನವರು ಕಡ್ಡಿಯಿಂದ ಕೆದಕಿ, ಅರೆಸುಟ್ಟ ಹಳದಿ ದಾರದ ತುಂಡು ಎತ್ತಿದರು.

“ಅಯ್ಯ, ಇದು ನಾ ಅರಿಶಿಣ ಹಚ್ಚಿದ ದಾರ!” ಎಂದಳು ಗುರುಲಿಂಗಮ್ಮ. “ನಿಶ್ಚಯಕ್ಕ ಕರೀಲಿಕ್ಕ ಹೋದಾಗ ಇದರಾಗ ಬಿಲ್ಲಿ ಪೋಣಿಸಿದ ಹೋಳಿ ಸಕ್ಕರಿ ಸರ ಮನಿಗೊಂದು ಕೊಟ್ಟೀನಿ.”

ನಿಶ್ಚಯಕ್ಕೆ ಕರೆದವರೆಲ್ಲ ಸಂಜೆ ತಮ್ಮ ಸಕ್ಕರೆ ಸರದೊಂದಿಗೆ ಅಲ್ಲೇ ಸೇರಬೇಕೆಂದು ಮಡಿವಾಳಯ್ಯನವರು ಹೇಳಿಕಳಿಸಿದರು. ಅಮೀನನೂ ಹಾಜಿಮಲಂಗನನ್ನು ಕರೆತಂದ. ಆಶಾಬಿಯ ಮಗಳ ಕೊರಳಲ್ಲಿ ಇಡೀ ಸಕ್ಕರೆ ಸರವಿತ್ತು. ಉಳಿದ ಮನೆಗಳ ಮಕ್ಕಳು ಸಕ್ಕರೆ ಚೀಪಿದ್ದರೂ ದಾರ ಉಳಿಸಿಕೊಂಡಿದ್ದರು. ಅಂಬಾರಾಯ ಮಾತ್ರ ಬರಿಗೈಲಿ ಬಂದಿದ್ದ.

“ನಾ ತಿಂದು ದಾರ ಒಗದೆ,” ಎಂದ.

“ಚಹಾಕ್ಕ ಸಕ್ಕರಿ ಒಲ್ಲೆ ಅಂದಾಂವ ಸರಾನೇ ತಿಂದ್ಯಾ?” ಮಡಿವಾಳಯ್ಯನವರು ಎದ್ದು ನಿಂತರು. “ಕೇಳ್ರಿ. ಹಾಜಿಮಲಂಗನ ಮದ್ದು ಗಂಧಕ ನಾರ್ತದ. ಈ ಹೊಗಿ ಸಕ್ಕರಿದು, ಅದಕ್ಕ ಇರುವಿ ಬಂದಾವ. ಸಕ್ಕರಿ ಕಂಟ್ರೋಲಿನಾಗ ಅದ, ರೇಷನ್ನಿಗಿ ಚಹಾಕ್ಕಷ್ಟ ಸಿಗ್ತದ. ಹಬ್ಬದ ಸರ ಬಿಟ್ರ ಎಲ್ಲಿಂದ ಬರಬೇಕು? ಹೊಗಿ ಏಳಲಿಕ್ಕ ಅದರ ಜೋಡಿ ಮದ್ದಿಗಿ ಹಾಕೋ ಪೆಟ್ಲುಪ್ಪು ಬೇಕು. ಮದ್ದಿನವನ ಹತ್ರ ಅದ, ಖರೆ. ಬಂಗಾರ ಶುದ್ಧ ಮಾಡೋ ಅಕ್ಕಸಾಲಿಗನ ಹತ್ರನೂ ಅದ. ಮತ್ತ ಹೊಗಿ ಎದ್ದದ್ದು ಯಾವಾಗ? ಒರೆಗಲ್ಲು ಹೊರಗ ಬಂದಾಗ. ಆ ಕಲ್ಲಿಗಿ ಅಂಜೋರು ಯಾರು? ಸರ ಮಾಡಿದಾಂವ!”

ಅಂಬಾರಾಯ ಬೆವತ. ಅಮೀನ ಅವನ ಅಂಗಡಿಗೆ ಓಡಿ, ಕುಲುಮೆಯ ಬೂದಿಯಿಂದ ಬೋರಮಾಳವನ್ನೂ, ಅದರಡಿ ಹೂತಿಟ್ಟ, ಸರಕ್ಕೆಂದು ರೇವಣಪ್ಪ ಕೊಟ್ಟಿದ್ದ ಬಂಗಾರದ ಗಟ್ಟಿಯನ್ನೂ ತಂದ. ಬೀಗರು ಸರ ತಿಕ್ಕಿದರು. ಕಲ್ಲಿನ ಮೇಲೆ ಹಿತ್ತಾಳೆಯ ಗೆರೆ ಮೂಡಿತು. ನನಗಂತೂ ಶಿಳ್ಳೆ ಹೊಡೆಯುವಷ್ಟು ಖುಷಿಯಾಯಿತು!

ಅಮೀನ ತನ್ನ ಕೈಯಾರೆ ಹಾಜಿಮಲಂಗನ ಬೇಡಿ ಬಿಚ್ಚಿದ. ಗುರುಲಿಂಗಮ್ಮ ಒಳಗಿನಿಂದ ಹೊಸ ಸಕ್ಕರೆ ಸರ ತಂದು ಅವನ ಕೊರಳಿಗೆ ಹಾಕಿದಳು.

“ಮಗಳ ಲಗ್ನಕ್ಕ ನೀನೇ ಮದ್ದು ಸುಡಬೇಕಪ್ಪ.”

“ಸುಡ್ತೀನವ್ವ. ಹೊಗಿ ಇರಂಗಿಲ್ಲ, ಬರೇ ಬೆಳಕು!”

ಆಶಾಬಿ ಆ ಸರದಿಂದ ಒಂದು ಸಕ್ಕರೆ ಬಿಲ್ಲೆ ಮುರಿದು ಅಮೀನನ ಮುಂದೆ ಹಿಡಿದಳು. “ತಗೋರಿ ಸಾಹೇಬ್ರ, ಬಾಯಿ ಸಿಹಿ ಮಾಡ್ಕೋರಿ.”

ಶೌಕತ ಅಲಿ ತಲೆ ತಗ್ಗಿಸಿ ಬಾಯಿಗೆ ಹಾಕಿಕೊಂಡ.